ಚೆಂಡೆಗೆ ಏನೂ ಇಲ್ಲ, ಮದ್ದಳೆಗೆ ಮಾತ್ರ ಕರ್ರ್: ಹಳೆ ಲ್ಯಾಪ್‌ಟಾಪಿನ ಸ್ಪೀಕರ್ ಸರಿ ಮಾಡಿಸಿದ ಎಸ್.ಪಿ. ರೋಡ್ ಅಂಗಡಿ

ಲ್ಯಾಪ್‌ಟಾಪ್ ಈಗ ಅಪ್ಪಯ್ಯನದು. 2016ರಲ್ಲಿ ನಾನು ತೆಗೆದುಕೊಂಡಿದ್ದು. ಐದು ವರ್ಷ ಆಫೀಸಿನ ಕೆಲಸಕ್ಕೆ ದುಡಿಸಿ, ಆಮೇಲೆ ಒಂದು ಎಸ್‌ಎಸ್‌ಡಿ ಹಾಕಿಸಿ ಸಾಗರಕ್ಕೆ ಸಾಗಿಸಿದ್ದೆ. ಅಲ್ಲಿ ಅದಕ್ಕೆ ಇರುವುದು ಒಂದೇ ಕೆಲಸ, ರಾತ್ರಿ ಊಟ ಆದ ಮೇಲೆ ಯಕ್ಷಗಾನ. ಫೋನಿನ ಪರದೆ ಸಣ್ಣದು, ಟಿವಿ ಅಮ್ಮನ ಧಾರಾವಾಹಿಗೆ ಮೀಸಲು, ಹಾಗಾಗಿ ಅಪ್ಪಯ್ಯನಿಗೆ ಈ ಲ್ಯಾಪ್‌ಟಾಪೇ ರಂಗಸ್ಥಳ.

ಹೋದ ವರ್ಷ ಮಳೆಗಾಲದ ಕೊನೆಗೆ ಫೋನ್ ಬಂತು. "ಇದರ ಸೌಂಡ್ ಎಂತೋ ಆಗಿದೆ ಮಾರಾಯ. ಚೆಂಡೆಗೆ ಏನೂ ಇಲ್ಲ, ಮದ್ದಳೆ ಬಂದ ಕೂಡಲೇ ಕರ್ರ್ ಅನ್ನುತ್ತೆ."

ಈ ಮಾತಿನಲ್ಲೇ ಅರ್ಧ ರೋಗ ಪತ್ತೆಯಾಗಿತ್ತು. ನನಗೆ ಅದು ತಲೆಗೆ ಹೋಗಿದ್ದು ಎರಡು ತಿಂಗಳು, 590 ರೂಪಾಯಿ ಮತ್ತು ಉಪಯೋಗಕ್ಕೆ ಬಾರದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಕಳೆದ ಮೇಲೆ. ಕೊನೆಗೆ ಸರಿ ಮಾಡಿದ್ದು ಎಸ್.ಪಿ. ರೋಡಿನ ಮೊದಲ ಮಹಡಿಯ ಒಂದು ಪುಟ್ಟ ಅಂಗಡಿ. ಈ ರಿವ್ಯೂ ಅದರದೇ, ಆದರೆ ಅಲ್ಲಿಗೆ ಹೋಗುವ ಮೊದಲು ನಾನು ಮಾಡಿದ್ದನ್ನೂ ಹೇಳಬೇಕು. ಯಾಕೆಂದರೆ ಹಳೆ ಲ್ಯಾಪ್‌ಟಾಪಿನ ಸ್ಪೀಕರ್ ಗಲಾಟೆಯಲ್ಲಿ ಅಂಗಡಿಗೆ ಹೋಗಬೇಕಾದ್ದು ಯಾವುದು, ಮನೆಯಲ್ಲೇ ಸರಿಯಾಗುವುದು ಯಾವುದು ಅಂತ ಗೊತ್ತಿಲ್ಲದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ನಾನೂ ಕಳೆದುಕೊಂಡೆ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಮುಂದೆ ಕೂತೆ. ಆನ್ ಮಾಡಿದ ಕೂಡಲೇ ಸ್ಪೀಕರಿಗಿಂತ ಮೊದಲು ವಿಂಡೋಸೇ ಅಳುತ್ತಿತ್ತು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅದರ ನೋಟಿಸು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ 8ನೇ ಪೀಳಿಗೆಯದ್ದಾದರೂ ಇರಬೇಕು, ಇದು 6ನೆಯದು. ಅದರ ಕಥೆ ಇನ್ನೊಂದು ದಿನ.

ಒಂದು ಪ್ರಸಂಗ ಹಾಕಿ ಅರ್ಧ ಗಂಟೆ ಸುಮ್ನೆ ಕೇಳಿದೆ. ಅಪ್ಪಯ್ಯ ಹೇಳಿದ ಕರ್ರ್ ಇತ್ತು, ನಿಜ. ಆದರೆ ಅದರ ಜೊತೆಗೆ ಬೇರೆ ಎರಡು ಸದ್ದೂ ಸೇರಿಕೊಂಡಿದ್ದವು. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದು ಚಟಪಟ. ಇದಕ್ಕೆ ಚೆಂಡೆ ಮದ್ದಳೆ ಅಂತ ಭೇದ ಇಲ್ಲ, ವೇಷಧಾರಿ ಮಾತಾಡುವಾಗಲೂ ಬರುತ್ತೆ. ಆಮೇಲೆ ಅಪ್ಪಯ್ಯ ಹಬ್ಬದ ದಿನ ಅಂತ ಲ್ಯಾಪ್‌ಟಾಪನ್ನು ಹಳೆ ಆಂಪ್ಲಿಫೈಯರಿಗೆ ಜೋಡಿಸಿದರು, ಆಗ ಗುಂಯ್ ಅಂತ ಜೇನುಗೂಡು ಕೆದಕಿದ ಹಾಗೆ ಒಂದೇ ಸಮನೆ ಇನ್ನೊಂದು. ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಬೇರೆ ಬೇರೆ ಔಷಧಿ. ನಾನು ಮೂರನ್ನೂ "ಸ್ಪೀಕರ್ ಹೋಗಿದೆ" ಅಂತ ಒಂದೇ ಚೀಲಕ್ಕೆ ತುಂಬಿದ್ದೇ ಮೊದಲ ತಪ್ಪು.

ಗುಂಯ್‌ದು ಬೇಗ ಮುಗಿಯಿತು. ಚಾರ್ಜರ್ ಪಿನ್ನು ಕಿತ್ತೆ, ಸದ್ದು ನಿಂತಿತು. ಮತ್ತೆ ಹಾಕಿದೆ, ಬಂತು. ಲ್ಯಾಪ್‌ಟಾಪಿನ ಮೇಲೆ ಕೈ ಆಡಿಸಿದರೆ ಚಾರ್ಜರ್ ಹಾಕಿದ್ದಾಗ ಸಣ್ಣಗೆ ಜುಂ ಅನ್ನುತ್ತೆ, ಕಿತ್ತರೆ ಇಲ್ಲ. ಹೋಗಿ ನೋಡಿದರೆ ಅಪ್ಪಯ್ಯ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದರು. ಅರ್ತಿಂಗ್ ಅನ್ನುವುದೇ ಇಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅದರದ್ದೇ ಗುನುಗು ಆಡಿಯೊ ವೈರಿನೊಳಗೆ ಹೊಕ್ಕು ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಕೇಳುತ್ತೆ. ಕನ್ವರ್ಟರ್ ಬಿಸಾಡಿ, ಚಾರ್ಜರ್, ಆಂಪ್ಲಿಫೈಯರ್ ಎರಡನ್ನೂ ಗೋಡೆಯಲ್ಲಿದ್ದ ಮೂರು ಪಿನ್ನಿನ ಸಾಕೆಟ್ಟುಗಳಿಗೆ ಹಾಕಿದೆ. ಮುಕ್ಕಾಲು ಪಾಲು ಹೋಯಿತು. ಉಳಿದಿದ್ದಕ್ಕೆ ಒಂದೇ ಪರಿಹಾರ, ಆಂಪ್ಲಿಫೈಯರ್ ಹಾಕಿದಾಗ ಚಾರ್ಜರ್ ಕೀಳುವುದು.

ಚಟಪಟ ಮಾತ್ರ ಹದಿನೈದು ದಿನ ತಿಂದಿತು. ಲ್ಯಾಪ್‌ಟಾಪನ್ನು ಬೆಂಗಳೂರಿಗೆ ತಂದುಕೊಂಡೇ ಕೂತೆ.

ಮೊದಲ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಇಯರ್‌ಫೋನ್ ಹಾಕಿ ಕೇಳುವುದು. ಇಯರ್‌ಫೋನಿನಲ್ಲೂ ಚಟಪಟ ಇತ್ತು, ಕರ್ರ್ ಮಾತ್ರ ಇರಲಿಲ್ಲ. ಅಂದರೆ ಕರ್ರ್ ಸ್ಪೀಕರಿನ ಆಸುಪಾಸಿನದು, ಚಟಪಟ ಅದಕ್ಕೂ ಹಿಂದೆ ಎಲ್ಲೋ ಹುಟ್ಟುತ್ತಿದೆ. ಎರಡನೇ ಪರೀಕ್ಷೆಗೆ ಒಂದು 8 ಜಿಬಿ ಪೆನ್‌ಡ್ರೈವ್ ಬೇಕು. ಅದಕ್ಕೆ ಉಬುಂಟು (ವಿಂಡೋಸಿನ ಬದಲಿಗೆ ಬಳಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ ಅದೇ ವಿಡಿಯೊ ಹಾಕಿದೆ. ಚಟಪಟ ಮಾಯ! ಕರ್ರ್ ಹಾಗೇ ಇತ್ತು. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಒಂದು ವಿಂಡೋಸಿನ ಕಾಯಿಲೆ, ಇನ್ನೊಂದು ದೇಹದ ಕಾಯಿಲೆ. ಹಾರ್ಡ್‌ವೇರೋ ಸಾಫ್ಟ್‌ವೇರೋ ಅಂತ ತಲೆ ಕೆಡಿಸಿಕೊಳ್ಳುವವರು ಬೇರೇನೂ ಮಾಡದಿದ್ದರೂ ಈ ಒಂದು ಪರೀಕ್ಷೆ ಮಾಡಿ, ಅರ್ಧ ಗಂಟೆಯ ಕೆಲಸ.

ಇಷ್ಟು ಗೊತ್ತಾದ ಮೇಲೂ ನಾನು ಯಾರೋ ಹೇಳಿದರು ಅಂತ ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿದೆ. 280 ರೂಪಾಯಿ. ಹೆಬ್ಬೆರಳಿನಷ್ಟು ಉದ್ದ, ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ತುದಿಯಲ್ಲಿ ಇಯರ್‌ಫೋನಿಗೂ ಮೈಕಿಗೂ ಒಂದೊಂದು ತೂತು. ಡ್ರೈವರ್, ಅಂದರೆ ಒಂದೊಂದು ಯಂತ್ರಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ಏನೂ ಬೇಕಿಲ್ಲ, ಹಾಕಿದ ಕೂಡಲೇ ಗುರುತಿಸುತ್ತೆ. ಸಣ್ಣಗೆ ಹಿಸ್ಸ್ ಅನ್ನುತ್ತೆ, ಈ ದುಡ್ಡಿಗೆ ಅದನ್ನು ದೂರುವ ಹಾಗಿಲ್ಲ. ಆದರೆ ಚಟಪಟ ಅದರಲ್ಲೂ ಬಂತು! ಕಾರಣ ಆಮೇಲೆ ಗೊತ್ತಾಯಿತು. ಲ್ಯಾಪ್‌ಟಾಪಿನ ಆಡಿಯೊ ಚಿಪ್ ಸತ್ತಿದ್ದರೆ, ಅಥವಾ ಇಯರ್‌ಫೋನ್ ಜಾಕ್ ಮುರಿದಿದ್ದರೆ ಈ ಕಾರ್ಡು ದೇವರ ಹಾಗೆ ಕಾಪಾಡುತ್ತೆ. ನನ್ನ ಲ್ಯಾಪ್‌ಟಾಪಿನಲ್ಲಿ ಚಿಪ್ಪೂ ಸರಿ ಇತ್ತು, ಜಾಕೂ ಸರಿ ಇತ್ತು. ಹಾಗಾಗಿ ಕಾರ್ಡಿನ ತಪ್ಪಿಲ್ಲ, ತರಿಸಿದವನ ತಪ್ಪು.

ಜಾಕ್ ಅಂದಾಗ ನೆನಪಾಯಿತು. ಸ್ಪೀಕರಿನಿಂದ ಸದ್ದೇ ಬರದಿದ್ದರೆ, ಇಯರ್‌ಫೋನ್ ಹಾಕದೇ ಇದ್ದರೂ ಹಾಕಿದ್ದೀರಿ ಅಂತ ತೋರಿಸುತ್ತಿದ್ದರೆ, ಜಾಕಿನೊಳಗಿನ ಸಣ್ಣ ಸ್ವಿಚ್ ಸಿಕ್ಕಿಕೊಂಡಿರುತ್ತೆ. ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಇನ್ನು ವಿಂಡೋಸಿನೊಳಗೆ ಮಾಡಿದ್ದು. ಕೆಳಗಿನ ಮೂಲೆಯ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ಸ್ ತೆರೆದು, ಪ್ಲೇಬ್ಯಾಕಿನಲ್ಲಿ ಸ್ಪೀಕರಿನ ಪ್ರಾಪರ್ಟೀಸಿಗೆ ಹೋಗಿ, ಎನ್‌ಹ್ಯಾನ್ಸ್‌ಮೆಂಟ್ಸ್ ಪೂರ್ತಿ ಬಂದ್ ಮಾಡಿದೆ. ಸ್ವಲ್ಪ ಕಡಿಮೆಯಾದ ಹಾಗೆ ಅನ್ನಿಸಿತು, ಬಹುಶಃ ಮನಸ್ಸಿನ ಸಮಾಧಾನ. ಅಲ್ಲೇ ಪಕ್ಕದ ಅಡ್ವಾನ್ಸ್ಡ್‌ನಲ್ಲಿ 24 ಬಿಟ್, 48,000 ಹರ್ಟ್ಜ್ ಅಂತ ಇಟ್ಟು ನೋಡಿದೆ, 16 ಬಿಟ್, 44,100 ಇಟ್ಟು ನೋಡಿದೆ. ಅದೇ ಸಾಸಿವೆ. ಆಡಿಯೊ ಚಿಪ್ಪಿನ ರಿಯಲ್‌ಟೆಕ್ ಡ್ರೈವರ್ ತೆಗೆದು, ಡಿವೈಸ್ ಮ್ಯಾನೇಜರಿನಲ್ಲಿ ಮೈಕ್ರೋಸಾಫ್ಟಿನದೇ ಆದ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಅನ್ನುವ ಸಾದಾ ಡ್ರೈವರ್ ಹಾಕಿದೆ. ಬಹಳ ಜನಕ್ಕೆ ಇದರಿಂದಲೇ ಸರಿಯಾಗುತ್ತೆ. ನನಗೆ ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಲೇಟೆನ್ಸಿಮಾನ್ ಅನ್ನುವ ಸಣ್ಣ ಸಾಫ್ಟ್‌ವೇರ್. ಮನೆ ಬಳಕೆಗೆ ಪುಕ್ಕಟೆ. ಅದು ಮಾಡುವುದು ಇಷ್ಟೇ: ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದು ಕೂರುತ್ತಿದೆ ಅಂತ ಲೆಕ್ಕ ಇಡುವುದು. 48,000 ಹರ್ಟ್ಜ್ ಅಂದರೆ ಸೆಕೆಂಡಿಗೆ 48,000 ತುಣುಕು ಸದ್ದು ಹೊತ್ತಿಗೆ ಸರಿಯಾಗಿ ಹೋಗಿ ಸೇರಬೇಕು. ಊಟದ ಪಂಕ್ತಿಯಲ್ಲಿ ಬಡಿಸುವವನನ್ನು ಯಾರೋ ಮಾತಿಗೆ ಹಿಡಿದು ನಿಲ್ಲಿಸಿಕೊಂಡರೆ ಮುಂದಿನವರ ಎಲೆ ಖಾಲಿ ಆಗುತ್ತಲ್ವಾ, ಹಾಗೆ ಇನ್ಯಾವುದೋ ಡ್ರೈವರ್ ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡ್ ತಡೆದು ನಿಲ್ಲಿಸಿದರೆ ಸದ್ದಿನ ಎಲೆ ಖಾಲಿ, ಅಲ್ಲೊಂದು ಚಟ್. ಸೌಂಡ್ ಕಾರ್ಡ್ ಬದಲಾಯಿಸಿದರೂ ಬಡಿಸುವವನು ಅವನೇ, ಅದಕ್ಕೇ ಆ 280 ರೂಪಾಯಿ ದಂಡ.

ಹತ್ತು ನಿಮಿಷ ಓಡಿಸಿದೆ. ಪಟ್ಟಿ ಕೆಂಪಾಯಿತು, ಮೊದಲ ಹೆಸರು ಎನ್‌ಡಿಐಎಸ್ ಡಾಟ್ ಸಿಸ್, ಅಂದರೆ ನೆಟ್‌ವರ್ಕಿನ ಕಡೆಯದು. ವೈಫೈ ಆಫ್ ಮಾಡಿ ಡೌನ್‌ಲೋಡ್ ಮಾಡಿಟ್ಟಿದ್ದ ಒಂದು ಪ್ರಸಂಗ ಹಾಕಿದೆ, ಒಂದೇ ಒಂದು ಚಟ್ ಇಲ್ಲ. ವಿಂಡೋಸ್ ತಾನೇ ಹಾಕಿಕೊಂಡಿದ್ದ ವೈಫೈ ಡ್ರೈವರ್ ತೆಗೆದು, ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ಇದೇ ಮಾಡೆಲಿಗೆ ಇಟ್ಟಿದ್ದ ಡ್ರೈವರ್ ಹಾಕಿದೆ. ಮುಗಿಯಿತು. ಸ್ಪೀಕರ್ ಚಟಪಟ ಅಂದರೆ ವೈಫೈ ನೋಡಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ.

ಈಗ ಉಳಿದಿದ್ದು ಮದ್ದಳೆ.

ಅಷ್ಟರಲ್ಲಿ ನನಗೂ ಸಾಕಾಗಿತ್ತು. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿಗೆ ತೆಗೆದುಕೊಂಡು ಹೋದೆ. ಎಸಿ ಹಾಕಿದ ಹಾಲ್, ಟೋಕನ್, ಕುಡಿಯಲು ನೀರು, ಎಲ್ಲಾ ಚೆಂದ. ಪರೀಕ್ಷೆಯ ಶುಲ್ಕ 500, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ, ಒಟ್ಟು 590, ಮೊದಲೇ ಕಟ್ಟಬೇಕು. ಎರಡು ದಿನ ಇಟ್ಟುಕೊಂಡು ಫೋನ್ ಮಾಡಿದರು. "ಸರ್, ಆಡಿಯೊ ಚಿಪ್ ಮದರ್‌ಬೋರ್ಡಿನಲ್ಲೇ ಇರುತ್ತೆ, ಬೋರ್ಡ್ ಬದಲಾಯಿಸಬೇಕು." ಹದಿನಾಲ್ಕು ಸಾವಿರ ಚಿಲ್ಲರೆ. ಇಯರ್‌ಫೋನಿನಲ್ಲಿ ಸರಿಯಾಗಿ ಕೇಳುತ್ತಲ್ಲ, ಚಿಪ್ ಹೋಗಿದ್ದರೆ ಅದರಲ್ಲೂ ಬರಬೇಕಿತ್ತಲ್ವಾ ಅಂದೆ. "ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಾ ಇದೆ ಸರ್." ಯಾವ ಹಾಡು ಹಾಕಿ ಕೇಳಿದಿರಿ ಅಂದೆ. ಆ ಕಡೆಯಿಂದ ಉತ್ತರ ಇಲ್ಲ. ಸ್ಪೀಕರ್ ಕಂಪ್ಲೇಂಟ್ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಒಂದೇ ಒಂದು ಹಾಡನ್ನೂ ಹಾಕಿ ಕೇಳಿಲ್ಲ! ವಾಪಸ್ ತಂದೆ.

ಮುಂದಿನ ಶನಿವಾರ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಹೊರಗಿನವರಿಗೆ: ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಟೌನ್ ಹಾಲಿನ ಹತ್ತಿರ, ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಒಂದು ಸ್ಕ್ರೂನಿಂದ ಹಿಡಿದು ಸರ್ವರ್‌ವರೆಗೆ ಅಲ್ಲಿ ಸಿಗುತ್ತೆ. ಬೀದಿಗೆ ಕಾಲಿಟ್ಟ ಕೂಡಲೇ "ಏನ್ ಬೇಕು ಸರ್, ಲ್ಯಾಪ್‌ಟಾಪ್ ರಿಪೇರಿನಾ, ಬನ್ನಿ ಬನ್ನಿ" ಅಂತ ತೋಳು ಹಿಡಿದು ಕರೆಯುವವರು ಇರುತ್ತಾರೆ. ಅವರ ಹಿಂದೆ ಹೋಗಬೇಡಿ. ನಾನು ಒಂದು ಬಿಡಿಭಾಗದ ಅಂಗಡಿಯಲ್ಲಿ "ನಿಮ್ಮ ಹತ್ತಿರ ಸ್ಪೀಕರ್ ತಗೊಂಡು ಹೋಗಿ ರಿಪೇರಿ ಮಾಡೋರು ಯಾರು" ಅಂತ ಕೇಳಿದೆ. ಅವರು ಎದುರಿನ ಮೆಟ್ಟಿಲು ತೋರಿಸಿದರು.

ಮೆಟ್ಟಿಲು ಹತ್ತಿದರೆ ಆಟೋ ನಿಲ್ಲಿಸುವಷ್ಟು ಅಗಲದ ಜಾಗ. ಒಂದು ಮೇಜು, ಅದರ ಮೇಲೆ ದೀಪ ಇರುವ ಭೂತಗನ್ನಡಿ, ಗೋಡೆ ತುಂಬಾ ಲ್ಯಾಪ್‌ಟಾಪಿನ ಹೊಟ್ಟೆ ಬೆನ್ನು. ಐವತ್ತರ ಮೇಲಿನ ಒಬ್ಬರು, ಸಹಾಯಕ್ಕೆ ಒಬ್ಬ ಹುಡುಗ. ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಹಾಕಲಾ ಅಂತ ಕೇಳಿದ್ದಕ್ಕೆ ಅವರೇ ಬೇಡ ಅಂದರು, ಇರುವುದು ಇಬ್ಬರು, ಜನ ಜಾಸ್ತಿ ಬಂದರೆ ಕೆಲಸ ಕೆಡುತ್ತೆ ಅಂತ.

ನಾನು ಉಬುಂಟು, ಇಯರ್‌ಫೋನ್, ಮದರ್‌ಬೋರ್ಡ್ ಅಂತ ಭಾಷಣ ಶುರು ಮಾಡಿದೆ. ಅವರು ಅರ್ಧಕ್ಕೇ ಕೈ ಎತ್ತಿದರು. "ಯಾವ ಹಾಡಲ್ಲಿ ಬರುತ್ತೆ ಸರ್? ಅದನ್ನೇ ಹಾಕಿ." ಹಾಕುವಷ್ಟರಲ್ಲಿ ಹುಡುಗನಿಗೆ ಹೇಳಿ ಫ್ಯಾನ್ ಆಫ್ ಮಾಡಿಸಿದರು, ಕಿಟಕಿ ಹಾಕಿಸಿದರು. ಆ ಗೂಡಿನಂಥ ಜಾಗದಲ್ಲಿ ಬೆವರು ಸುರಿಯುತ್ತಿದೆ, ಕೆಳಗೆ ರಸ್ತೆಯಲ್ಲಿ ಹಾರನ್, ಮೇಜಿನ ಮೇಲೆ ಬಡಗುತಿಟ್ಟಿನ ಭಾಗವತಿಕೆ. ಭಾಯ್ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ ಎರಡು ನಿಮಿಷ ಅಲ್ಲಾಡಲಿಲ್ಲ. ನನಗೆ ಅಲ್ಲೇ ಅರ್ಧ ದುಡ್ಡು ಬಂದ ಹಾಗಾಯಿತು.

ಆಮೇಲೆ ಕೀಬೋರ್ಡಿನ ಕೆಳಗೆ, ನಾವು ಅಂಗೈ ಊರುವ ಜಾಗದಲ್ಲಿ ಬಲಗಡೆ ಹೆಬ್ಬೆರಳಿಟ್ಟು ಒತ್ತಿದರು. "ಈಗ?" ಕರ್ರ್ ಇಲ್ಲ. ಬೆರಳು ತೆಗೆದರು. "ಈಗ?" ಕರ್ರ್. ಮದ್ದಳೆಯ ಒಂದೊಂದು ಪೆಟ್ಟಿಗೂ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ತಾಳ ಹಾಕುವ ಹಾಗೆ ತೋರಿಸಿದರು. ಮೇಜಿನ ಮೇಲೆ ಇಟ್ಟು ಒಂದು ಮೂಲೆ ತಟ್ಟಿದರೆ ಲ್ಯಾಪ್‌ಟಾಪ್ ಟಕ್ ಟಕ್ ಅಂತ ತೂಗಿತು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ಕೇ ಆಗುತ್ತಿಲ್ಲ, ಕೆಳಗಿನಿಂದ ಏನೋ ತಡೆದ ಹಾಗೆ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ನಾನು ಮೌಸ್ ಬಳಸುವವನು.

"ಸ್ಪೀಕರ್ ಆಮೇಲೆ ಸರ್. ಬ್ಯಾಟ್ರಿಗೆ ಎಷ್ಟು ವರ್ಷ ಆಯ್ತು?"

ಬಿಚ್ಚುವುದನ್ನು ನೋಡುವುದೇ ಚೆಂದ. ಅವರ ಹತ್ತಿರ ಒಂದು ಹಳೆ ಇಡ್ಲಿ ತಟ್ಟೆ ಇದೆ, ನಾಲ್ಕು ಗುಳಿಯದ್ದು. ಲ್ಯಾಪ್‌ಟಾಪಿನ ಯಾವ ಮೂಲೆಯ ಸ್ಕ್ರೂ ಬಿಚ್ಚಿದರೋ ತಟ್ಟೆಯ ಅದೇ ಮೂಲೆಯ ಗುಳಿಗೆ ಹಾಕುತ್ತಾರೆ, ಉದ್ದದ್ದು ಗಿಡ್ಡದ್ದು ಕಲಸಿಹೋಗುವ ಮಾತೇ ಇಲ್ಲ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದು ಹಾಕಿ ತಿರುಗಿಸಿ ಅಂಗೈ ಜಾಗದಲ್ಲಿ ಮೊಡವೆ ಎಬ್ಬಿಸಿದ ರಿಪೇರಿಗಳನ್ನು ನಾನು ನೋಡಿದ್ದೇನೆ. ಅಂಚಿನ ಕ್ಲಿಪ್ಪು ಎಬ್ಬಿಸಲು ಸಿಮ್ ಕಿತ್ತುಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಾರ್ಡು. ಸ್ಟೀಲ್ ಸ್ಕ್ರೂಡ್ರೈವರ್ ತೂರಿಸಲಿಲ್ಲ. ಯಾಕೆ ಅಂತ ಕೆಳಗಿನ ಮುಚ್ಚಳ ಬಂದ ಮೇಲೆ ಗೊತ್ತಾಯಿತು. ಒಳಗೆ ಬ್ಯಾಟರಿ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿ ಕೂತಿತ್ತು.

ಲಿಥಿಯಂ ಬ್ಯಾಟರಿ ಹಳೆಯದಾದ ಮೇಲೆ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತೆ, ಚೀಲ ಉಬ್ಬುತ್ತೆ. ಸದಾ ಚಾರ್ಜಿಗೆ ಹಾಕಿಟ್ಟರೆ, ಬಿಸಿ ಜಾಸ್ತಿಯಾದರೆ ಇನ್ನೂ ಬೇಗ. ಅಪ್ಪಯ್ಯ ನಾಲ್ಕು ವರ್ಷ ಚಾರ್ಜರ್ ಕಿತ್ತವರೇ ಅಲ್ಲ. ಉಬ್ಬಿದ್ದನ್ನು ಚುಚ್ಚಿದರೆ, ಮಡಿಸಿದರೆ ಬೆಂಕಿ ಹತ್ತಬಹುದು. ಭಾಯ್ ಮೊದಲು ಮಾಡಿದ ಕೆಲಸ ಬ್ಯಾಟರಿಯ ಕನೆಕ್ಟರ್ ಕಿತ್ತಿದ್ದು, ಎರಡನೆಯದು ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಬ್ಬಿಸಿ ಬಾಗಿಲ ಹತ್ತಿರ ಇಟ್ಟಿದ್ದ ಮರಳಿನ ಬಕೆಟ್ಟಿಗೆ ಇಳಿಸಿದ್ದು. ನಾನು ಮನೆಗೆ ತೆಗೆದುಕೊಂಡು ಹೋಗಲಾ ಅಂದಿದ್ದಕ್ಕೆ ನಕ್ಕರು. ಇಂಥದ್ದನ್ನು ಮಾಮೂಲಿ ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಇದನ್ನು ಓದುವವರು ಈಗಲೇ ನಿಮ್ಮ ಹಳೆ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ಒಂದು ಸಲ ತೂಗಿ ನೋಡಿ. ತೂಗಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಸ್ಪೀಕರಿನ ಮಾತು ಬಿಡಿ, ಮೊದಲು ಚಾರ್ಜರ್ ಕೀಳಿ.

ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೆ ಆನ್ ಮಾಡಿ ಮತ್ತೆ ಅದೇ ಹಾಡು. ಕರ್ರ್ ಮುಕ್ಕಾಲು ಹೋಗಿತ್ತು. ಬ್ಯಾಟರಿ ಉಬ್ಬಿ ಮೇಲಿನ ಪ್ಲಾಸ್ಟಿಕ್ ಎತ್ತಿದ್ದರಿಂದ ಬಲಗಡೆ ಸ್ಪೀಕರಿನ ಡಬ್ಬಿ ತನ್ನ ರಬ್ಬರ್ ಗುಂಡಿಯಿಂದ ಜಾರಿ, ಪ್ಲಾಸ್ಟಿಕ್ಕಿಗೆ ತಾಗಿ ಅದುರುತ್ತಿತ್ತು. ಚೆಂಡೆಯ ಸದ್ದು ಎತ್ತರದ್ದು, ಅದಕ್ಕೆ ಡಬ್ಬಿ ಅಲ್ಲಾಡುವುದಿಲ್ಲ. ಮದ್ದಳೆಯ ತಗ್ಗಿನ ಪೆಟ್ಟಿಗೆ ಸ್ಪೀಕರಿನ ಪರದೆ ಜಾಸ್ತಿ ದೂರ ಹೋಗಿ ಬರಬೇಕು, ಆಗ ಇಡೀ ಡಬ್ಬಿಯೇ ಕುಣಿಯುತ್ತೆ. ಅಪ್ಪಯ್ಯ ಫೋನಿನಲ್ಲಿ ಹೇಳಿದ್ದು ಇದನ್ನೇ.

ಉಳಿದ ಕಾಲು ಭಾಗ ಹುಡುಕಲು ಫೋನಿನ ಟಾರ್ಚ್ ಬೇಕಾಯಿತು. ಮಲ್ಟಿಮೀಟರ್ ಇಟ್ಟು ಸ್ಪೀಕರಿನೊಳಗಿನ ತಂತಿಯ ತಡೆ ಎಷ್ಟಿದೆ ನೋಡಿದರು, ಎಡಗಡೆ 3.9 ಓಮ್, ಬಲಗಡೆ 3.8. "ನಾಲ್ಕು ಓಮಿನ ಸ್ಪೀಕರ್ ಸರ್ ಇದು, ಕಾಯಿಲ್ ಎರಡೂ ಚೆನ್ನಾಗಿದೆ." ಮೀಟರಿಗೆ ಸಿಗದ ದೋಷ ಕಣ್ಣಿಗೆ ಸಿಕ್ಕಿತು. ಬಲಗಡೆಯ ಪರದೆಯ ಸುತ್ತ ಇರುವ ತೆಳು ರಬ್ಬರ್ ಅಂಚು ಒಂದು ಕಡೆ ಅಕ್ಕಿಕಾಳಿನಷ್ಟು ಬಿಟ್ಟುಕೊಂಡಿತ್ತು. ಅಷ್ಟೇ ಅಷ್ಟು. ಅವರೇ ಎರಡು ದಾರಿ ಹೇಳಿದರು. ಅಂಟು ಹಾಕಿ ಕೊಟ್ಟರೆ 100 ರೂಪಾಯಿ, ಎಷ್ಟು ದಿನ ಬರುತ್ತೋ ಹೇಳಲಾರೆ. ಹೊಸ ಜೋಡಿ 650, ಒಂಟಿ ಸಿಗುವುದಿಲ್ಲ, ಎರಡನ್ನೂ ಒಂದೇ ವೈರ್ ಜೋಡಿಸಿರುತ್ತೆ. ನಾನು ಜೋಡಿ ಅಂದೆ. ಹುಡುಗ ಕೆಳಗೆ ಓಡಿದ.

ಇಲ್ಲಿಂದ ದೂರುಗಳು. ಒಂದು ಗಂಟೆ ಅಂದಿದ್ದು ಮೂರೂವರೆ ಗಂಟೆ ಆಯಿತು. ಹುಡುಗ ತಂದ ಮೊದಲ ಜೋಡಿ ಬೇರೆ ಮಾಡೆಲಿನದು, ಮತ್ತೆ ಹೋದ, ನಡುವೆ ನಮಾಜ್, ಊಟ, ಇನ್ನಿಬ್ಬರು ಗಿರಾಕಿಗಳು. ಕೂರಲು ಇರುವುದು ಒಂದು ಸ್ಟೂಲ್, ಅದನ್ನೂ ನನಗಿಂತ ಹಿರಿಯರು ಬಂದಾಗ ಬಿಟ್ಟುಕೊಟ್ಟೆ. ಬ್ಯಾಟರಿ ಕಂಪನಿಯದ್ದಲ್ಲ, ಹೊಂದುವಂಥದ್ದು. 2,400 ಕೊಟ್ಟೆ, ಮೂರು ತಿಂಗಳ ವಾರಂಟಿ ಅಂತ ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದು ತಾರೀಕು ಹಾಕಿಕೊಟ್ಟರು. ಬಿಲ್ ಕೇಳಿದ ಮೇಲೆ ಕೊಟ್ಟರು, ಕೇಳದಿದ್ದರೆ ಕೊಡುತ್ತಿರಲಿಲ್ಲ ಅನ್ನಿಸುತ್ತೆ. ಕೂಲಿ 400. ಒಟ್ಟು 3,450.

ಸ್ಪೀಕರಿನ ಬಗ್ಗೆಯೂ ಒಂದು ತಕರಾರಿದೆ. ಹೊಸ ಜೋಡಿಯಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ ಒಂಚೂರು ಜೋರು. ಅಲ್ಲೇ ಹೇಳಿದೆ. ಭಾಯ್ ಕೇಳಿ ನೋಡಿ ಒಪ್ಪಿಕೊಂಡರು, "ಒರಿಜಿನಲ್ ಥರ ಮ್ಯಾಚ್ ಆಗಲ್ಲ ಸರ್, ಬೇಕಾದ್ರೆ ವಾಪಸ್ ಮಾಡಿ ಸೋಮವಾರ ಬೇರೆ ತರಿಸ್ತೀನಿ" ಅಂದರು. ನನಗೆ ಸೋಮವಾರ ಆಗುವ ಹಾಗಿರಲಿಲ್ಲ. ವಿಂಡೋಸಿನ ಸೌಂಡ್ ಪ್ರಾಪರ್ಟೀಸಿನ ಲೆವೆಲ್ಸ್‌ನಲ್ಲಿ ಬ್ಯಾಲೆನ್ಸ್ ಅಂತ ಇದೆಯಲ್ಲ, ಅಲ್ಲಿ ಎಡ 100, ಬಲ 88 ಇಟ್ಟಿದ್ದೇನೆ. ಈಗ ಭಾಗವತರು ನಡುವೆಯೇ ಕೂತಿದ್ದಾರೆ.

ಮನೆಗೆ ಬಂದು ಇನ್ನೊಂದು ಸಲ ಪರೀಕ್ಷೆ ಮಾಡಿದೆ. ಆನ್‌ಲೈನಿನಲ್ಲಿ ಟೋನ್ ಜನರೇಟರ್ ಅಂತ ಹುಡುಕಿದರೆ ಬೇಕಾದ ಹರ್ಟ್ಜ್‌ನ ಸದ್ದು ಹೊರಡಿಸುವ ಪುಟಗಳು ಸಿಗುತ್ತವೆ. 150ರಿಂದ ಮೆಲ್ಲಗೆ ಮೇಲೆ ಎಳೆದೆ. 200ರ ಕೆಳಗೆ ಲ್ಯಾಪ್‌ಟಾಪ್ ಸ್ಪೀಕರಿಗೆ ದನಿ ಬಹಳ ಕಡಿಮೆ, ಅದು ದೋಷ ಅಲ್ಲ, ಅದರ ಯೋಗ್ಯತೆ ಅಷ್ಟೇ. ಮೊದಲು 320ರಿಂದ 360ರ ಹತ್ತಿರ ಕರ್ರ್ ಶುರುವಾಗುತ್ತಿತ್ತು. ಈಗ 150ರಿಂದ 2,000ದವರೆಗೆ ನುಣ್ಣಗೆ ಹೋಯಿತು. ತಂಬೂರಿ ಆ್ಯಪ್ ಇದ್ದವರು ಅದನ್ನೇ ಹಾಕಿ ಶ್ರುತಿ ಏರಿಸುತ್ತಾ ಹೋದರೂ ಆಗುತ್ತೆ, ಕಿವಿಗೂ ಹಿತ. ಇದನ್ನು ಮಾಡುವಾಗ ಸೌಂಡ್ ಅರ್ಧಕ್ಕಿಂತ ಜಾಸ್ತಿ ಇಡಬೇಡಿ, ಒಂದೇ ದನಿಯನ್ನು ಜೋರಾಗಿ ಬಹಳ ಹೊತ್ತು ಹಾಕಿದರೆ ಚೆನ್ನಾಗಿರುವ ಸಣ್ಣ ಸ್ಪೀಕರೂ ಸುಟ್ಟುಹೋದೀತು.

ಸಂಕ್ರಾಂತಿಗೆ ಊರಿಗೆ ಕೊಂಡೊಯ್ದು ಕೊಟ್ಟೆ. ಅಪ್ಪಯ್ಯ ಅದೇ ಪ್ರಸಂಗ, ಅದೇ ಜಾಗ ಹುಡುಕಿ ಹಾಕಿ, ಕಣ್ಣು ಮುಚ್ಚಿ ಐದು ನಿಮಿಷ ಕೇಳಿದರು. "ಹ್ಞಾ, ಈಗ ಮದ್ದಳೆ ಮದ್ದಳೆ ಥರ ಇದೆ." ಆಮೇಲೆ ಎಷ್ಟಾಯಿತು ಅಂದರು. ಸಾವಿರ ಅಂದೆ. ಸಾವಿರಕ್ಕೇ ಬೈಸಿಕೊಂಡೆ. ಕೆಲವು ಲ್ಯಾಪ್‌ಟಾಪಿನಲ್ಲಿ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುತ್ತೆ, ಇದರಲ್ಲಿ ಇಲ್ಲ. ಹಾಗಾಗಿ ಯಕ್ಷಗಾನ ಮುಗಿದ ಮೇಲೆ ಚಾರ್ಜರ್ ಕೀಳುವ ಕೆಲಸವನ್ನು ಅಮ್ಮನಿಗೆ ಒಪ್ಪಿಸಿ ಬಂದಿದ್ದೇನೆ. ಅಮ್ಮ ಮರೆಯುವುದಿಲ್ಲ.

ಸ್ಟಾರ್ ಕೊಡಬೇಕಂತೆ. ಭಾಯ್ ಅಂಗಡಿಗೆ 5ಕ್ಕೆ 4. ಕಾಯಿಸಿದ್ದಕ್ಕೆ ಅರ್ಧ, ತಾನಾಗಿ ಬಿಲ್ ಕೊಡದ್ದಕ್ಕೆ ಅರ್ಧ ಕಡಿತ. ಕಿವಿ ಹಚ್ಚಿ ಕೇಳಿದ ಆ ಎರಡು ನಿಮಿಷಕ್ಕೆ ಇನ್ನೂ ಒಂದು ಜಾಸ್ತಿ ಕೊಡಬಹುದಿತ್ತು. ಸರ್ವೀಸ್ ಸೆಂಟರಿಗೆ 1, ಅದೂ ನೀರು ತಣ್ಣಗಿತ್ತು ಅಂತ. ಲೇಟೆನ್ಸಿಮಾನ್‌ಗೆ 5.

ಎಸ್.ಪಿ. ರೋಡಿಗೆ ಹೋಗುವವರು ಭಾನುವಾರ ಹೋಗಬೇಡಿ, ಬಹಳ ಅಂಗಡಿ ಬಾಗಿಲು ಹಾಕಿರುತ್ತವೆ. ಗಾಡಿ ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮಧ್ಯಾಹ್ನ ಆಗುತ್ತೆ, ಮೆಟ್ರೋನೇ ವಾಸಿ. ಚಾರ್ಜರ್ ಮರೆಯಬೇಡಿ. ಕರ್ರ್ ಬರುವ ಹಾಡನ್ನು ಲ್ಯಾಪ್‌ಟಾಪಿಗೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಅಂಗಡಿಯ ವೈಫೈ ನಂಬಬೇಡಿ. ಹೋದ ಕೂಡಲೇ "ಇದನ್ನು ಒಂದ್ಸಲ ಕೇಳಿ" ಅನ್ನಿ. ಕೇಳದೆ ರೇಟ್ ಹೇಳಿದರೆ ಎದ್ದು ಮುಂದಿನ ಮೆಟ್ಟಿಲು ಹತ್ತಿ.

ಆ ಯುಎಸ್‌ಬಿ ಸೌಂಡ್ ಕಾರ್ಡ್ ನನ್ನ ಡ್ರಾಯರಿನಲ್ಲೇ ಬಿದ್ದಿದೆ. ಜಾಕ್ ಮುರಿದ ಲ್ಯಾಪ್‌ಟಾಪ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಸುಮ್ನೆ ಕೊಟ್ಟುಬಿಡುತ್ತೇನೆ. ಹಿಸ್ಸ್ ಅನ್ನುತ್ತೆ, ಮೊದಲೇ ಹೇಳಿದ್ದೇನೆ.